ಚಪ್ಪಲಿ ಬಿಡುವ ಜಾಗ

ಲಾರಿ ಹತ್ತುವಾಗ ನಾನು ತಪ್ಪದೆ ಚಪ್ಪಲಿ ಬಿಡುತ್ತೇನೆ. ಮನೆಯೊಳಗೆ ಹೋಗುವಾಗ ತಪ್ಪದೆ ಮರೆಯುತ್ತೇನೆ. ಕ್ಯಾಬಿನ್ನಿನಲ್ಲಿ ದೇವರ ಫೋಟೊ, ಊದಿನಕಡ್ಡಿ, ಮಡಿಚಿಟ್ಟ ಕೌದಿ ಎಲ್ಲವೂ ಇರುವುದರಿಂದ ಅಲ್ಲಿ ಬರಿಗಾಲೇ ನಮ್ಮ ಡ್ರೈವರ್ ಮಂದಿಯ ಸಂಪ್ರದಾಯ. ಮನೆಯಲ್ಲೂ ಇವೆಲ್ಲ ಇವೆ, ಜೊತೆಗೆ ಹೆಂಡತಿಯೂ ಇದ್ದಾಳೆ ಎಂಬ ಸೂಕ್ಷ್ಮ ನನ್ನ ಪಾದಗಳಿಗೆ ಇಷ್ಟು ವರ್ಷವಾದರೂ ಹೊಳೆದಿಲ್ಲ.

ನಡುವೆ ಏಳು ವರ್ಷ ನಾನು ಸ್ಟೇರಿಂಗ್ ಬಿಟ್ಟಿದ್ದೆ. ಬೆನ್ನು ನೋವಿನ ನೆಪದಲ್ಲಿ, ಬಂಧುಬಳಗದ 'ಒಂದ ಕಡೆ ಕುಂದ್ರು' ಎಂಬ ಸಾಮೂಹಿಕ ಉಪದೇಶಕ್ಕೆ ತಲೆಬಾಗಿ, ಹಾವೇರಿಯ ಸರ್ಕಾರಿ ಕಚೇರಿಯೊಂದರ ಎದುರು ಝೆರಾಕ್ಸ್ ಅಂಗಡಿ ಇಟ್ಟೆ. ದಿನಕ್ಕೆ ಇನ್ನೂರು ಮೈಲಿ ಓಡುತ್ತಿದ್ದಾಗ ಯಾರೂ ಹೆಸರು ಹಿಡಿದು ಕರೆಯದ ನನ್ನನ್ನು, ಅಲ್ಲಾಡದೆ ಕುಳಿತ ಮರುದಿನದಿಂದಲೇ ಜನ 'ಸಾವ್ಕಾರ್ರ' ಎಂದರು. ನಮ್ಮ ಸಮಾಜ ಚಲನೆಗಿಂತ ಜಡತ್ವಕ್ಕೆ ಹೆಚ್ಚು ಮರ್ಯಾದೆ ಕೊಡುತ್ತದೆ ಎಂಬ ತತ್ವಜ್ಞಾನ ನನಗೆ ಆ ತಿರುಗುಕುರ್ಚಿಯ ಮೇಲೆ ಪ್ರಾಪ್ತವಾಯಿತು. ಆದರೆ ರಸ್ತೆಯಲ್ಲಿ ಲಾರಿಯೊಂದು ಗೇರು ಇಳಿಸಿದ ಸದ್ದಿಗೆ ನನ್ನ ಎಡಗಾಲು ತಾನಾಗಿ ಕ್ಲಚ್ ಹುಡುಕುತ್ತಿತ್ತು. ಎರಡು ಪ್ರತಿ ಕೇಳಿದವರಿಗೆ ಆರು ಪ್ರತಿ ತೆಗೆದುಕೊಡುತ್ತಿದ್ದೆ. ಗಿರಾಕಿ ಬಂದರೆ ಬೇಸರವಾಗುವ ವ್ಯಾಪಾರಿ ಎಷ್ಟು ಕಾಲ ಬಾಳಿಯಾನು, ನೀವೇ ಹೇಳಿ. ಅಂಗಡಿ ಮುಚ್ಚಿದೆ. ಬ್ಯಾಡಗಿಯ ಮೆಣಸಿನಕಾಯಿಯನ್ನು ಇಂದೋರಿಗೆ ಒಯ್ಯುವ ಹದಿನಾಲ್ಕು ಗಾಲಿಯ ಲಾರಿಯೊಂದಕ್ಕೆ ಡ್ರೈವರ್ ಬೇಕಿದ್ದ. ಬೆನ್ನಿಗೂ ಹೇಳದೆ ಒಪ್ಪಿಕೊಂಡೆ.

ಅಂಗಡಿಯ ಹಿಂದೆಯೇ ನಮ್ಮ ಬಿಡಾರ. ಎರಡಕ್ಕೂ ಮಾಲೀಕರು ಒಬ್ಬರೇ ಆದ್ದರಿಂದ ಅಂಗಡಿಯ ಜೊತೆ ಮನೆಯೂ ಕೈಬಿಟ್ಟಿತು. ಹೊಸ ಮನೆ ಹುಡುಕುವ ಭಾರವನ್ನು, ಯಾರೂ ಹೊರಿಸದಿದ್ದರೂ, ನಾನೇ ಹೊತ್ತೆ.

ಮೊದಲು ಹಾವೇರಿಯಲ್ಲೇ ನೋಡಿದೆ. ನಿವೃತ್ತ ಅಧಿಕಾರಿಯೊಬ್ಬರು ಚಪ್ಪಲಿ ಹೊರಗೇ ಬಿಡಿಸಿ, ಹೊಳೆಯುವ ಟೈಲ್ಸಿನ ಮೇಲೆ ನಡೆಸಿಕೊಂಡು ಹೋಗಿ, ಚಹಾ ಕೊಟ್ಟು, ಉದ್ಯೋಗ ಕೇಳಿದರು. ಹೇಳಿದೆ. "ಡ್ರೈವರ್ ಮಂದಿಗೆ ಮನಿ ಕೊಡೂದಿಲ್ರಿ. ತಪ್ಪ ತಿಳಕೋಬ್ಯಾಡ್ರಿ" ಎಂದರು. ನಾನು ತಪ್ಪೇ ತಿಳಿದುಕೊಂಡೆ. ಆ ಟೈಲ್ಸು ಗುಜರಾತಿನಿಂದ, ಚಹಾಪುಡಿ ಅಸ್ಸಾಮಿನಿಂದ, ಅವರು ಕುಳಿತ ಸೋಫಾ ಇನ್ನೆಲ್ಲಿಂದಲೋ ಬಂದಿದ್ದವು. ತಂದವರೆಲ್ಲ ಡ್ರೈವರ್ ಮಂದಿಯೇ. ಸರಕಿಗೆ ಸ್ವಾಗತ, ಸಾರಥಿಗೆ ಗೇಟು.

ಆಮೇಲೆ ಬ್ಯಾಡಗಿ. ಮೆಣಸಿನಕಾಯಿ ಮಾರುಕಟ್ಟೆಯ ಹಿಂದೆ ಒಂದು ಮನೆ ಕಂಡಿತು, ಕಂಡೊಡನೆ ಮನಸೋತೆ. ಓಣಿಯ ಅಗಲವನ್ನು ಹೆಜ್ಜೆಯಲ್ಲಿ ಅಳೆದೆ, ಬೇವಿನ ಕೊಂಬೆ ಎಷ್ಟು ಎತ್ತರ, ಕರೆಂಟಿನ ತಂತಿ ಎಷ್ಟು ಜೋತಿದೆ ಎಂದು ಕತ್ತೆತ್ತಿ ನೋಡಿದೆ, ಮೂಲೆಯಲ್ಲಿ ಲಾರಿ ತಿರುಗಿಸಲು ಬರುತ್ತದೆಯೇ ಎಂದು ಗಾಳಿಯಲ್ಲೇ ಸ್ಟೇರಿಂಗ್ ತಿರುಗಿಸಿದೆ. ಸರ್ವಾಂಗಸುಂದರ ಮನೆ! ಮಾಲೀಕರೂ ಉದಾರಿಗಳು. "ನೀವು ಮನ್ಯಾಗ ಇರೂದ ಕಡಿಮಿ ಅಲ್ಲೇನ್ರಿ? ಚಲೋನ ಆತು, ಮನಿ ಸವೆಯೂದಿಲ್ಲ" ಎಂದರು. ಮಾತು ಕೊಟ್ಟು ಬಂದೆ.

ಮರುದಿನ ಹೆಂಡತಿ ಗಿರಿಜಾಳನ್ನು ಕರೆದೊಯ್ದು, ಹೆದ್ದಾರಿಯ ನಕ್ಷೆ ವಿವರಿಸುವ ಎಂಜಿನಿಯರನಂತೆ ಓಣಿಯ ವೈಭವವನ್ನೆಲ್ಲ ತೋರಿಸಿದೆ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ನಾಲ್ಕು ಸಲ ಸೀನಿ, ಐದನೆಯದನ್ನು ತಡೆದು ಕೇಳಿದಳು: "ಅಡಿಗಿಮನಿ ಎಲ್ಲೈತ್ರಿ?"

ನನಗೆ ಗೊತ್ತಿರಲಿಲ್ಲ. ನಾನು ಒಳಗೇ ಹೋಗಿರಲಿಲ್ಲ.

"ನಳಾ ಎಷ್ಟ ದಿನಕ್ಕೊಮ್ಮಿ ಬಿಡ್ತಾರ?" ಅದೂ ಗೊತ್ತಿರಲಿಲ್ಲ. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಅವಳು ಬೀಜ ಆರಿಸುವ ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತು. ಬೆಳಗಿನ ಪಾಳಿಗೆ ಇಲ್ಲಿಂದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ, ದೇಶದ ಅರ್ಧ ರಸ್ತೆಗಳನ್ನು ಬಾಯಿಪಾಠ ಮಾಡಿಕೊಂಡ ನಾನು ಬಸ್ ನಿಲ್ದಾಣ ಎತ್ತ ಎಂದು ಓಣಿಯ ತುದಿಯತ್ತ ಕತ್ತು ಚಾಚಿದೆ.

"ತಿಂಗಳಿಗೆ ಎಷ್ಟ ದಿನ ಮನ್ಯಾಗ ಇರ್ತೀರಿ ನೀವು?"

"ನಾಕೈದ ದಿನ."

"ಹಂಗಾರ ಇದು ಲಾರಿ ನಿಂದ್ರೂ ಜಾಗಾ. ಉಳದ ದಿನಾ ಇರಾಕಿ ನಾನು. ನಾ ಇರೂ ಮನಿ ನಾ ನೋಡ್ಕೋತೇನಿ, ನೀವು ಹೋಗಿ ಬರ್ರಿ."

ಸಿಟ್ಟಿನಲ್ಲಿ ಹೇಳಿದ್ದರೆ ಜಗಳವಾಡಬಹುದಿತ್ತು. ಅವಳು ಸಾವಧಾನವಾಗಿ ಹೇಳಿದಳು. ನನ್ನನ್ನು ಹೊರಗಿಟ್ಟ ಆ ಅಧಿಕಾರಿಯನ್ನು ಮನಸ್ಸಿನಲ್ಲೇ ಎರಡು ದಿನ ಬೈದಿದ್ದ ನಾನು, ಮನೆಯೊಳಗೆ ಇರುವವಳನ್ನೇ ಹೊರಗಿಟ್ಟು ಮನೆ ಹುಡುಕಿದ್ದೆ. ನಾಚಿಕೆಯಾಯಿತು. ಲೋಡು ಕಾಯುತ್ತಿದೆ ಎಂದು ಸುಳ್ಳು ಹೇಳಿ ಅಲ್ಲಿಂದ ಕಾಲ್ತೆಗೆದೆ.

ಮೊದಲ ಸುತ್ತು ಇಂದೋರು, ಅಲ್ಲಿಂದ ನಾಗಪುರ, ತಿರುಗಿ ಬರುವಷ್ಟರಲ್ಲಿ ಮೂರು ವಾರ. ಅಷ್ಟರೊಳಗೆ ಗಿರಿಜಾ ಕಂಪನಿಯ ಗೆಳತಿಯರನ್ನು ಕಟ್ಟಿಕೊಂಡು ರಾಣೆಬೆನ್ನೂರಿನಲ್ಲಿ ಮನೆ ನೋಡಿ, ಸಾಮಾನು ಸಾಗಿಸಿ, ಹಾಲು ಉಕ್ಕಿಸಿಯೂ ಆಗಿತ್ತು. ಫೋನಿನಲ್ಲಿ ಗುರುತು ಹೇಳಿದಳು. ಲಾರಿಯನ್ನು ಬೈಪಾಸಿನ ಪೆಟ್ರೋಲ್ ಬಂಕಿನ ಬಳಿ ನಿಲ್ಲಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಆಟೋ ಹಿಡಿದು ಹೋದೆ. ಲಾರಿಯಿರಲಿ, ಆ ಆಟೋವೇ ಉಸಿರು ಬಿಗಿಹಿಡಿದು ನುಸುಳಬೇಕಾದ ಓಣಿ. ಬಾಗಿಲಿಗೆ ಬೀಗ, ಅವಳಿನ್ನೂ ಕೆಲಸದಿಂದ ಬಂದಿರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ನೆನಪಿಟ್ಟುಕೊಂಡು, ಹೊಸ್ತಿಲಿಗೆ ಮುಂಚೆಯೇ, ಚಪ್ಪಲಿಗಳನ್ನು ಜೋಡಿಸಿ ಬಿಟ್ಟೆ.

ಪಕ್ಕದ ಮನೆಯಿಂದ ಹೆಂಗಸೊಬ್ಬಳು ಮೊರ ಹಿಡಿದು ಹೊರಬಂದಳು. "ಯಾರ ಬೇಕಾಗಿತ್ರೀ?"

"ಇವ್ರ ಮನಿಯವ್ನರೀ ನಾ."

ಅಡಿಯಿಂದ ಮುಡಿಯವರೆಗೆ ನೋಡಿದಳು. ನಂಬಿದಳೋ ಇಲ್ಲವೋ. "ಗಿರಿಜಕ್ಕಾರು ಸಂಜಿಮುಂದ ಬರ್ತಾರ. ಕಟ್ಟಿ ಮ್ಯಾಲ ಕುಂದರ್ರಿ. ಚಪ್ಲಿ ಒಂಚೂರ ಆಕಡೆ ಸರಸ್ರಿ, ಅದು ಅಕ್ಕಾರು ಬಿಡೂ ಜಾಗಾ."

ಸರಿಸಿಟ್ಟು ಕುಳಿತೆ. ಸಂಜೆ ಗಿರಿಜಾ ಬಂದು, ತನ್ನ ಜಾಗದಲ್ಲಿ ಚಪ್ಪಲಿ ಬಿಟ್ಟು, ಗೇಣು ದೂರದಲ್ಲಿದ್ದ ನನ್ನವನ್ನು ನೋಡಿ, ಬೀಗ ತೆಗೆದಳು. "ಬರ್ರಿ ಒಳಗ" ಎಂದಳು, ಬೀಗರಿಗೆ ಹೇಳುವ ಹಾಗೆ. ನಾನು ಬರಿಗಾಲಲ್ಲಿ ಹೋಗಿ, ಬೇರೇನನ್ನೂ ನೋಡದೆ, ಮೊದಲು ಅಡುಗೆಮನೆ ಹುಡುಕಿದೆ. ಎಡಕ್ಕಿತ್ತು. ಕಿಟಕಿಯೂ ಇತ್ತು.