ಅಕ್ಷರ ನಿಲ್ಲಿಸಿದ ಸುಮಿತಾ

ಬೆಳಗಿನ ಐದೂವರೆ. ಆಂಡರ್ಸನ್‌ಪೇಟೆಗೆ ಹಾಲಿನ ಆಟೋ ಇನ್ನೂ ಬಂದಿಲ್ಲ. ತಮ್ಮ ಅಂಗಡಿಯ ಅರ್ಧ ಎತ್ತಿದ ಷಟರಿನ ಒಳಗೆ ಸುಮಿತಾ ಗಾಜು ಬಿರುಕುಬಿಟ್ಟ ಹಳೇ ಮೊಬೈಲು ಹಿಡಿದು ಕೂತಿದ್ದಾರೆ. ತಾವೇ ಮಾಡಿದ ಒಂದು ಶಿಶುವಿಹಾರದ ವೆಬ್‌ಸೈಟು ತೆರೆಯುವವರೆಗೆ ಬಾಯಲ್ಲೇ ಎಣಿಸುತ್ತಾರೆ. ಹನ್ನೊಂದು ಎಣಿಸುವಷ್ಟರಲ್ಲಿ ಪುಟ ಬರುತ್ತದೆ, ಅದರ ಮೇಲೆ ಒಂದು ಚಿಟ್ಟೆ ಹಾರಾಡುತ್ತದೆ.

"ಈ ಚಿಟ್ಟೆನೇ ತಡ ಮಾಡ್ತಿರೋದು," ಎಂದು ಅದನ್ನು ಅಳಿಸಿಹಾಕುತ್ತಾರೆ. "ಶಿಶುವಿಹಾರದ ಮೇಡಮ್ಮೋರು ಬೈತಾರೆ. ಬೈಲಿ."

ನಲವತ್ತಮೂರರ ಸುಮಿತಾ ಮದುವೆ ಕಾರ್ಡು, ಕರಪತ್ರ ಟೈಪು ಮಾಡುತ್ತಲೇ ವೆಬ್‌ಸೈಟಿನ ಕೆಲಸ ಕಲಿತವರು. ಬಂಗಾರಪೇಟೆ, ಕೆಜಿಎಫ್ ಸುತ್ತಿನ ಮೂವತ್ತೊಂದು ವೆಬ್‌ಸೈಟುಗಳನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ: ಅಕ್ಷರ ಓಡಬೇಕು, ಚಿತ್ರ ತಿರುಗಬೇಕು. ಮೊದಮೊದಲು ಕೇಳಿದ್ದನ್ನೆಲ್ಲ ಹಾಕಿಕೊಡುತ್ತಿದ್ದರು. ಈಗ ದಿನವೂ ವಾದ. ಸಂಜೆಯ ಹೊತ್ತಿಗೆ ಕಣ್ಣು ಉರಿ, ಗಂಟಲು ಒಣ.

ಎರಡು ವರ್ಷದ ಹಿಂದಿನ ಮಾತು. ಬಂಗಾರಪೇಟೆಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಪ್ರಿಂಟರು ರಿಪೇರಿ ಮಾಡುತ್ತಿದ್ದಾಗ ಕ್ಯಾಸಂಬಳ್ಳಿಯ ಅಕ್ಕಯ್ಯಮ್ಮ ಬಂದರು. ಒಂದು ಕಣ್ಣಿಗೆ ಆಪರೇಷನ್ ಆಗಿತ್ತು. ಡಾಕ್ಟರು ಬರುವುದು ಗುರುವಾರ ಮಾತ್ರ, ಆವತ್ತು ಮಂಗಳವಾರ. ದಿನ ಆಸ್ಪತ್ರೆಯ ವೆಬ್‌ಸೈಟಿನಲ್ಲೇ ಇದೆಯಲ್ಲ ಎಂದು ಕೌಂಟರಿನಾಕೆ ಗದರಿದರು.

"ನಾನೂ ಏಳ್ನೇ ಕ್ಲಾಸ್ ಓದಿವ್ನಿ ಕಣಮ್ಮ," ಎಂದರು ಅಕ್ಕಯ್ಯಮ್ಮ. "ಅಕ್ಷರ ನಿಂತ್ಕೊಂಡ್ರೆ ತಾನೇ ಓದೋದು? ಕಣ್ಣಿಗೆ ಸಿಕ್ಕೋ ಒತ್ಗೆ ಓಗ್ಬುಟ್ಟಿರ್ತಾವೆ."

"ಆ ಓಡೋ ಸಾಲು ನಾನೇ ಆಕಿದ್ದು," ಎನ್ನುತ್ತಾರೆ ಸುಮಿತಾ. "ತಪ್ಪು ನಂದೇ. ಆಯಮ್ಮನ್ನ ಬಸ್ ಅತ್ತಿಸಿ ಬಂದೆ."

ಅಂದೇ ಆಸ್ಪತ್ರೆಯ ಸೈಟಿನಿಂದ ಓಡುವ ಸಾಲು, ತಿರುಗುವ ಚಿತ್ರಗಳನ್ನೆಲ್ಲ ಕಿತ್ತರು. ಡಾಕ್ಟರು ಬರುವ ದಿನವನ್ನು ದಪ್ಪಕ್ಷರದಲ್ಲಿ ನಿಲ್ಲಿಸಿದರು. ಉಳಿಸಿದ್ದು ಒಂದನ್ನೇ: ಟೋಕನ್ ಗುಂಡಿ ಒತ್ತಿದಾಗ ನಂಬರು ಬರುವವರೆಗೆ ತಿರುಗುವ ಪುಟ್ಟ ಚಕ್ರ.

"ಅದು ತಿರುಗ್ದಿದ್ರೆ ಕೆಲ್ಸ ಆಗ್ಲಿಲ್ಲ ಅಂತ ಜನ ಮತ್ತೆ ಮತ್ತೆ ಒತ್ತಾರೆ. ಒಬ್ಬರಿಗೇ ನಾಕು ಟೋಕನ್. ಅಲ್ಲಾಡೋದು ಏನಾದ್ರೂ ಹೇಳ್ಬೇಕು, ಸುಮ್ಕೆ ಕುಣೀಬಾರ್ದು."

ಆಸ್ಪತ್ರೆಯ ಮ್ಯಾನೇಜರ್ ಚಿರಂಜೀವಿ ರೇಗಿದರು. "ಏನಮ್ಮ, ಸೈಟು ಸತ್ತೋದಂಗೈತೆ!"

"ಕನ್ನಡಕ ತೆಗ್ದು, ಒಂದು ಕಣ್ಣು ಮುಚ್ಕೊಂಡು ಹಳೇದನ್ನ ಓದಿ ಸರ್," ಎಂದು ಸುಮಿತಾ ಹಳೇ ಪುಟ ಉಳಿಸಿಟ್ಟಿದ್ದ ಫೋನು ಚಾಚಿದರು. ಅವರು ಎರಡು ಸಲ ನೋಡಿದರು. ಓದಲಾಗಲಿಲ್ಲ. ಫೋನು ವಾಪಸು ಕೊಟ್ಟರು.

ಅಕ್ಷರ ನಿಂತೇ ಉಳಿಯಿತು. ಮೊದಲು ವಾರಕ್ಕೆ ಐದಾರು ಜನ ದಿನ ತಪ್ಪಿ ಬರುತ್ತಿದ್ದರು. ಈಗ ಒಬ್ಬರು ಬಂದರೆ ಹೆಚ್ಚು. ಆದರೆ ಆಸ್ಪತ್ರೆಯ ಹೊಸ ಶಾಖೆಯ ಸೈಟು ಬೇರೆಯವರ ಪಾಲಾಯಿತು. "ಅವ್ರು ಚೆನ್ನಾಗಿ ಕುಣಿಸ್ತಾರಂತೆ," ಎಂದು ಸುಮಿತಾ ಕಣ್ಣುಜ್ಜಿಕೊಳ್ಳುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ಮೊಬೈಲು ಕೆಳಗಿಡುತ್ತಾರೆ.

"ಒಂದಿನ ಬೇತಮಂಗಲದ ಕೆರೆ ಕಟ್ಟೆ ಮೇಲೆ ಸುಮ್ಕೆ ಕೂತ್ಕೋಬೇಕು. ನೀರು ಅಲ್ಲಾಡಿದ್ರೆ ಅಲ್ಲಾಡ್ಲಿ. ಅದನ್ನ ನಾನು ನಿಲ್ಲಿಸ್ಬೇಕಾಗಿಲ್ಲ."