ನಲವತ್ತು ದುಂಡು ಫರಸಿ

ಮಹಾಮಾರಿಯ ಕಾಲದಲ್ಲಿ ನಾನು ದೇಶಕ್ಕೆ ಸಲ್ಲಿಸಿದ ಸೇವೆ ಇಂದಿಗೂ ಎಲ್ಲಿಯೂ ದಾಖಲಾಗಿಲ್ಲ. ದಾಖಲಾಗದಿರುವುದೇ ಒಳ್ಳೆಯದು ಎಂದು ಮನೆಯಾಕೆಯ ಅಭಿಪ್ರಾಯ. ಆದರೂ ಬರೆಯುತ್ತೇನೆ.

ನಾನು ಹಾನಗಲ್ಲಿನ ಗೌಂಡಿ. ನೆಲ ಹಾಸುವ ಕೆಲಸಕ್ಕೆ ಮೂವತ್ತು ವರ್ಷಗಳಿಂದ ನನ್ನ ಜೋಡಿ ಸವಣೂರಿನ ಒಬ್ಬ ಉಸ್ತಾದರು. ಫರಸಿ ಕಲ್ಲು ಕೊರೆಯುವವರು ಅವರು, ಕೂಡ್ರಿಸುವವನು ನಾನು. ಲೆವೆಲ್ ನೋಡುವಾಗ ನೀರು ತುಂಬಿದ ಉದ್ದನೆಯ ಬಿಳಿ ಪೈಪಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಹೀಗಾಗಿ ನಮ್ಮಿಬ್ಬರ ನಡುವೆ ಮೊದಲಿನಿಂದಲೂ ಇಪ್ಪತ್ತು ಫೂಟು ಅಂತರ. ಸರಕಾರ ಆರು ಫೂಟು ದೂರ ನಿಲ್ಲಿರಿ ಎಂದಾಗ ಸಲಿಗೆ ಜಾಸ್ತಿಯಾಯಿತೇನೋ ಅನ್ನಿಸಿತು.

ಲಾಕ್‌ಡೌನ್ ಬಿದ್ದ ದಿನ ನಾವು ಹಿರೇಕೆರೂರು ತಾಲೂಕಿನ ಅಬಲೂರಿನಲ್ಲಿ ಒಂದು ಮನೆಯ ಪಡಸಾಲೆಗೆ ಅಡ್ಡ ದಾರ ಕಟ್ಟಿ, ನಾಳೆಯಿಂದ ಕಲ್ಲು ಇಡೋಣ ಎಂದು ಹೊರಟಿದ್ದೆವು. ಹೊರಡುವಾಗ, "ದಾರಕ್ಕ ಯಾರೂ ಕೈ ಹಚ್ಚಬ್ಯಾಡ್ರಿ" ಎಂದು ರೂಢಿಯಂತೆ ಹೇಳಿದೆ. ಆ ನಾಳೆ ಬಂದದ್ದು ಎರಡು ತಿಂಗಳ ಮೇಲೆ. ಹೋಗಿ ನೋಡಿದರೆ ದಾರ ಹಾಗೆಯೇ ಇದೆ. ಮನೆಯ ಏಳೂ ಜನ ಅಷ್ಟೂ ದಿನ ಅದನ್ನು ಕಾಲೆತ್ತಿ ಕಾಲೆತ್ತಿ ದಾಟಿದ್ದಾರೆ. "ಬಿಚ್ಚಬಾರದಿತ್ತೇನ್ರಿ?" ಎಂದೆ. ಯಜಮಾನರು, "ನೀವ ಹೇಳಿದ್ರಲ್ಲ" ಎಂದರು. ರೋಗದ ಕಾಲದಲ್ಲಿ ಇಷ್ಟು ಕಟ್ಟುನಿಟ್ಟಾಗಿ ಪಾಲನೆಯಾದ ಇನ್ನೊಂದು ಆದೇಶ ನನಗೆ ಗೊತ್ತಿಲ್ಲ.

ಈ ಕತೆ ಶುರುವಾದದ್ದು ಆ ಎರಡು ತಿಂಗಳ ನಡುವೆ.

ಉಸ್ತಾದರಿಗೆ ಒಂದು ಸಂಕಟವಿತ್ತು. ನಾಲ್ಕು ತಾಲೂಕಿನ ಮಂದಿಯ ನೆಲ ನುಣ್ಣಗೆ ಮಾಡಿದ ಅವರ ಸ್ವಂತ ಪಡಸಾಲೆ ಹದಿನೆಂಟು ವರ್ಷಗಳಿಂದ ಬರೀ ಮಣ್ಣು. ಈಗ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಅವರ ಮನೆಯಾಕೆಯನ್ನು ನಾನು ಅಕ್ಕ ಎನ್ನುತ್ತೇನೆ. ಆಕೆ ನನಗೇ ಫೋನ್ ಹಚ್ಚಿದರು.

"ಅಣ್ಣಾರ, ನಿಮ್ಮ ಉಸ್ತಾದ್ರಿಗೆ ನೀವರ ಹೇಳ್ರಿ. ಕೂಸು ಅಂಬೆಗಾಲ ಇಟ್ಟು ಧೂಳಾಗ ಹೊಳ್ಳಾಡಬೇಕೇನು? ಮುಂದಿನ ತಿಂಗಳು ಮಗಳು ಬರೂದ್ರಾಗ ನೆಲಾ ಆಗಬೇಕು. ಇಲ್ಲಂದ್ರ ಆಕಿಗೆ ಅತ್ತಿ ಮನ್ಯಾಗ ಇರು ಅಂತೇನಿ."

"ಕಲ್ಲಿನ ಅಡ್ಡೆ ಎಲ್ಲಾ ಬಂದ್ ಅದಾವಕ್ಕ."

"ಹದಿನೆಂಟು ವರ್ಷ ಬಂದ್ ಇದ್ವೇನು?"

ಆಕೆಯ ಹಿಂದೆ ಕೂತಿದ್ದ ಉಸ್ತಾದರು ಕೆಮ್ಮಿದ್ದು ಫೋನಿನಲ್ಲಿ ಕೇಳಿಸಿತು.

ಅದೇ ವಾರ ಶಿಗ್ಗಾಂವಿ ತಾಲೂಕಿನ ಒಂದು ಪಂಚಾಯ್ತಿಯಿಂದ ಕರೆ ಬಂತು. ಊರ ಹೆಸರು ಬೇಡ; ಅವರು ಮರ್ಯಾದಸ್ಥರು. ರೇಶನ್ ಅಂಗಡಿಯ ಮುಂದೆ ಮಂದಿ ದೂರ ದೂರ ನಿಲ್ಲಲು ದುಂಡು ಗುರುತು ಹಾಕಬೇಕಿತ್ತು. ಪಿಡಿಓ ಸಾಹೇಬರು ಫೋನಿನಲ್ಲಿ ಹೇಳಿದರು: "ಹೋದ ಸಲ ಸುಣ್ಣದ ಪುಡಿ ಹಾಕ್ಸಿದ್ವಿ. ಕೋಳಿ ಕೆದರಿದ್ವು. ಈ ಸಲ ಅಳಿಸಬಾರದು ನೋಡ್ರಿ, ಗಟ್ಟಿ ಆಗ್ಲಿ. ಒಂದು ಮೂವತ್ತು ಸಾಕು. ಸಾಮಾನು ಪಂಚಾಯ್ತಿ ಹಿಂದ ಐತಿ."

"ನಲವತ್ತು ಇರ್ಲಿ ಸಾಹೇಬ್ರ," ಎಂದರು ಅದೇ ಕರೆಯಲ್ಲಿ ಸವಣೂರಿನಿಂದ ಸೇರಿಕೊಂಡಿದ್ದ ಉಸ್ತಾದರು. "ಜನಸಂಖ್ಯೆ ಬೆಳಿಯಾಕತ್ತೈತಿ."

ನಮಗೆ ಪಾಸು ಬಂತು. ಅದರ ಮೇಲೆ 'ರೋಗ ನಿಯಂತ್ರಣದ ಅಗತ್ಯ ಕಾಮಗಾರಿ' ಎಂದಿತ್ತು. ನಾನು ಲೆವೆಲ್ ಪೈಪನ್ನು ಕೊರಳಿಗೆ ಸುತ್ತಿಕೊಂಡು ಗಾಡಿ ಹತ್ತಿದೆ. ತಡಸದ ನಾಕಾದಲ್ಲಿ ಪೊಲೀಸಪ್ಪ ಪಾಸು ಓದಿದ, ಪೈಪು ನೋಡಿದ, ಒಳಗಿನ ನೀರು ನೋಡಿದ, ಎರಡು ಹೆಜ್ಜೆ ಹಿಂದೆ ಸರಿದ.

"ಯಾವ ದವಾಖಾನಿ ಡಾಕ್ಟರ್ರೀ?"

"ಶಿಗ್ಗಾಂವಿ ಕಡೆ ಹೊಂಟೇನ್ರಿ," ಎಂದೆ. ಅದು ಸತ್ಯವೇ ಆಗಿತ್ತು.

"ನಿಮ್ಮಂಥಾವ್ರು ಇರೂದಕ್ಕ ನಾವ ಉಳದೇವ್ರಿ," ಎಂದು ಆತ ದಾರಿಗೆ ಅಡ್ಡ ಇಟ್ಟಿದ್ದ ಕಟ್ಟಿಗೆ ಎತ್ತಿದ. ಸಿಮೆಂಟಿನ ಚೀಲದ ಮೇಲೆ ಕೂತಿದ್ದ ನಾನು ಗಂಭೀರವಾಗಿ ತಲೆಯಾಡಿಸಿ ಮುಂದೆ ಹೋದೆ.

ಪಂಚಾಯ್ತಿಯ ಹಿಂದೆ ಎರಡು ಫೂಟು ಚೌಕದ ಒಳ್ಳೆಯ ಫರಸಿಗಳ ಗುಡ್ಡೆ ಇತ್ತು. ಮೇಲಿನ ಕಲ್ಲಿನ ಮೇಲೆ ಒಂದು ಹಳದಿ ಬಣ್ಣದ ಡಬ್ಬಿ, ಬ್ರಷ್ಷು. ಕೆಲಸಕ್ಕೆ ಅಡ್ಡ ಬರುತ್ತದೆ ಎಂದು ಆ ಡಬ್ಬಿಯನ್ನು ಎತ್ತಿ ಆಚೆ ಇಟ್ಟವನು ನಾನೇ. ಗಟ್ಟಿ ಎಂದರೆ ನಮಗೆ ಕಲ್ಲು. ಬಣ್ಣ ಎಂಬುದೂ ಒಂದು ಸಾಮಾನು ಎಂದು ಮೂವತ್ತು ವರ್ಷದ ಗೌಂಡಿಗೆ ಹೊಳೆಯುವುದಿಲ್ಲ.

ಉಸ್ತಾದರು ಒಂದೊಂದು ಚೌಕ ಕಲ್ಲಿನಿಂದ ಅಂಚಿಗೆ ಅಂಚು ಮುಟ್ಟುವ ಪೂರಾ ದುಂಡು ತೆಗೆದರು. ಪ್ರತಿ ಕಲ್ಲಿಗೆ ನಾಲ್ಕು ಮೂಲೆ ತುಂಡು ಉಳಿದವು. ಆರಾರು ಫೂಟಿಗೆ ಒಂದೊಂದು ದುಂಡು, ದಾರ ಹಿಡಿದು, ಲೆವೆಲ್ ನೋಡಿ, ಮಳೆ ನೀರು ನಿಲ್ಲದಂತೆ ಇಳಿಜಾರು ಕೊಟ್ಟು ಕೂಡ್ರಿಸಿದೆವು. ಸಾಲು ಅಂಗಡಿಯ ಬಾಗಿಲಿನಿಂದ ಹೊರಟು ಹಾಲಿನ ಡೇರಿ ದಾಟಿ ಶಾಲೆಯ ಗೇಟಿಗೆ ಮುಟ್ಟಿತು. ನನಗೆ ಒಂದೇ ಅಸಮಾಧಾನ. ಸಿಮೆಂಟು, ಉಸುಕಿನ ಮಾಲು ಕಲಸುವಾಗ ಉಸ್ತಾದರು ನನ್ನ ಕೈ ತಡೆದಿದ್ದರು. "ಸಿಮೆಂಟ್ ಅಷ್ಟ ಸಾಕು ಮೇಸ್ತ್ರಿ. ಉಸುಕು ಜಾಸ್ತಿ ಇರ್ಲಿ."

"ಗಟ್ಟಿ ಆಗ್ಲಿ ಅಂದಾರಲ್ರೀ ಸಾಹೇಬ್ರು."

"ನಿಂದರಾಕ ಅಷ್ಟ ಸಾಕು. ಇದರ ಮ್ಯಾಲೆ ಲಾರಿ ಹಾಯೂದಿಲ್ಲ."

ನಲವತ್ತೂ ಆದ ಮೇಲೆ ನೀರು ಹೊಡೆದು, ಸುತ್ತಲೂ ಹಗ್ಗ ಕಟ್ಟಿ, ಏಳು ದಿನ ಯಾರೂ ಇದರ ಮೇಲೆ ಕಾಲಿಡಬಾರದು ಎಂದು ಸಾರಿದೆ. ಹಸಿ ನೆಲವನ್ನು ಏಳು ದಿನ ಕಾಯುವುದು ನಮ್ಮ ಧರ್ಮ. ರೇಶನ್ ಕೊಡುವ ದಿನ ಮೂರನೆಯ ದಿನಕ್ಕೇ ಇತ್ತು ಎಂಬುದು ನಮ್ಮ ಲಕ್ಷ್ಯಕ್ಕೆ ಬಂದಿರಲಿಲ್ಲ.

ಮೂರನೆಯ ದಿನ ಊರು ಬಂತು. ಅಂತರ ಕಾಯುವ ಜಾಗವೆಲ್ಲ ಹಗ್ಗದೊಳಗೆ. ಆದ್ದರಿಂದ ಇಡೀ ಊರು ಹಗ್ಗದ ಹೊರಗೆ, ಗೋಡೆಗೂ ಹಗ್ಗಕ್ಕೂ ನಡುವಿನ ಎರಡು ಫೂಟಿನಲ್ಲಿ, ಒಬ್ಬರ ಬೆನ್ನಿಗೆ ಒಬ್ಬರ ಚೀಲ ತಾಗಿಸಿ ನಿಂತಿತು. ನಲವತ್ತು ದುಂಡುಗಳು ಮಾತ್ರ ಆರಾರು ಫೂಟು ದೂರದಲ್ಲಿ ನಿಯಮ ಪಾಲಿಸುತ್ತ ಮಲಗಿದ್ದವು. ಪಿಡಿಓ ಸಾಹೇಬರು ಬಂದು ಮೊದಲ ದುಂಡಿನಿಂದ ಕೊನೆಯದರ ತನಕ ನಡೆದು ನೋಡಿದರು.

"ಬಣ್ಣದ ಡಬ್ಬಿ ಎಲ್ಲಿ?"

"ಜ್ವಾಪಾನ ಇಟ್ಟೇನ್ರಿ," ಎಂದೆ.

ಅವರು ಮಾಸ್ಕು ಕೆಳಗಿಳಿಸಿ ಒಂದು ಉಸಿರು ಬಿಟ್ಟು ಮತ್ತೆ ಏರಿಸಿಕೊಂಡರು. "ಇನ್ನ ನಾಕ್ ದಿನಾ ದಿನಾಲೂ ಬಂದು ನೀರ ಹೊಡೀರಿ. ಆ ಮೂಲಿ ಚೂರು ಕಸಾ ಎಲ್ಲಾ ನೀವ ಒಯ್ರಿ. ಮ್ಯಾಲಿನವ್ರು ನೋಡಿದ್ರ ಕಲ್ಲು ಎಲ್ಲಿ ಹೋದ್ವು ಅಂತಾರ."

"ಆಗ್ಲಿ ಸಾಹೇಬ್ರ," ಎಂದರು ಉಸ್ತಾದರು, ಕೇಳುವ ಮೊದಲೇ ಸಿದ್ಧವಿದ್ದವರ ಹಾಗೆ.

ಆ ನಾಲ್ಕು ದಿನ ನಾನು ನೀರು ಹೊಡೆದೆ, ಅವರು ಗೊಬ್ಬರದ ಚೀಲಗಳಲ್ಲಿ ಮೂಲೆ ತುಂಡು ತುಂಬಿ ಗಾಡಿಗೆ ಹೇರಿದರು. ಏನಕ್ಕೆ ಎಂದು ಕೇಳಿದರೆ, "ಬಚ್ಚಲ ಮುಂದ ಹಾಕಾಕ" ಎಂದರು. ಬಚ್ಚಲು ಎಷ್ಟು ದೊಡ್ಡದೆಂದು ನಾನು ಕೇಳಲಿಲ್ಲ.

ಮುಂದಿನ ವಾರ ಲೆವೆಲ್ ಪೈಪು ತೆಗೆದುಕೊಂಡು ಸವಣೂರಿಗೆ ಬರಬೇಕೆಂದು ಅಪ್ಪಣೆಯಾಯಿತು. ಹೋದೆ. ಅವರ ಪಡಸಾಲೆ ಹತ್ತು ಫೂಟು ಅಗಲ, ಹದಿನಾರು ಫೂಟು ಉದ್ದ. ಎರಡು ಫೂಟಿನ ಚೌಕ ಅಡ್ಡ ಐದು, ಉದ್ದ ಎಂಟು, ಒಟ್ಟು ನಲವತ್ತು. ಜನಸಂಖ್ಯೆ ಎಲ್ಲಿ ಬೆಳೆಯುತ್ತಿತ್ತು ಎಂಬುದು ಆಗ ತಿಳಿಯಿತು.

"ಉಸ್ತಾದ್ರ, ಆ ಡಬ್ಬಿ ನೀವು ನೋಡಿದ್ರೇನು?"

"ಡಬ್ಬಿ ಸರಿಸಿದಾವ್ರು ನೀವ. ನಾ ಮುಟ್ಟಿಲ್ಲ."

ನಾಲ್ಕು ನಾಲ್ಕು ಮೂಲೆಗಳನ್ನು ಕೂಡಿಸಿ ಚೌಕ ಮಾಡಿ ಹಾಸಿದೆವು. ಎರಡು ದಿನದಲ್ಲಿ ನೆಲವಾಯಿತು. ನಡುನಡುವೆ ನಲವತ್ತು ದುಂಡು ತೂತುಗಳಿದ್ದವು ಎಂಬುದನ್ನು ಬಿಟ್ಟರೆ ಅಂಥ ನೆಲ ಸವಣೂರಿನಲ್ಲಿ ಇರಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ನೋಡಿದರು.

"ಇದೇನಿದು? ಇಡ್ಲಿ ಪಾತ್ರಿ ಮಾಡಿಟ್ಟೀರಿ."

"ಸದ್ಯಕ್ಕ ಗರಸು ಮಣ್ಣು ತುಂಬಿ ಬಡೀತೇನಿ," ಎಂದರು ಉಸ್ತಾದರು.

"ಸದ್ಯಕ್ಕ ಅಂದ್ರ ಇನ್ನೊಂದು ಹದಿನೆಂಟು ವರ್ಷೇನು?"

"ರೋಗ ಕಾಯಂ ಇರತೈತೇನು? ಅದು ಹೋದ ದಿನ ದುಂಡು ಮನಿಗೆ ಬರ್ತಾವು."

ಆ ವರ್ಷ ರೋಗ ಹೋಗುತ್ತದೆ ಎಂದು ಬಹಳ ಮಂದಿ ಹೇಳಿದರು. ತಮ್ಮ ಪಡಸಾಲೆಯಲ್ಲಿ ನಲವತ್ತು ತೂತು ಬಿಟ್ಟು ಕಾದವರು ಇವರೊಬ್ಬರೇ. ಮಾಲಿಗೆ ಸಿಮೆಂಟು ಯಾಕೆ ಕಡಿಮೆ ಹಾಕಿಸಿದ್ದರು ಎಂಬುದೂ ನನಗೆ ಆಗಲೇ ಹೊಳೆಯಿತು. ನಾನು ಪೈಪಿನ ನೀರು ಚೆಲ್ಲಿ ಸುತ್ತಿಕೊಂಡೆ.

ಮಗಳು ಬಂದಳು. ಕಾಲು ಪಾಲು ಕಲ್ಲು, ಮುಕ್ಕಾಲು ಪಾಲು ಗರಸಿನ ನೆಲ ನೋಡಿ, "ಧೂಳರ ಇಲ್ಲಲ್ಲ" ಎಂದು ಒಳಗೆ ಹೋದಳು. ಹೆಣ್ಣು ಕೂಸು ಹುಟ್ಟಿತು. ಅದು ಅಂಬೆಗಾಲಿಟ್ಟದ್ದು ಅದೇ ನೆಲದ ಮೇಲೆ. ತೂತಿನಲ್ಲಿ ಗರಸು ಸ್ವಲ್ಪ ಕುಸಿದಲ್ಲಿ ಸರಿಯಾಗಿ ಕೂಡ್ರುತ್ತಿತ್ತಂತೆ, ಅಳತೆ ಕೊಟ್ಟು ಮಾಡಿಸಿದ ಹಾಗೆ.

ಎರಡು ವರ್ಷ ಕಳೆದವು. ರೇಶನ್ ಅಂಗಡಿಯ ಮುಂದಿನ ಕಲ್ಲಿಗೆ ಸೈಕಲ್ ಎಡವುತ್ತವೆ ಎಂದು ದೂರು ಹೋಗಿ, ಹೊಸ ಪಿಡಿಓ ನಮ್ಮನ್ನೇ ಕರೆಸಿದರು. "ಕಿತ್ತು ಎಲ್ಲೆರ ಒಗೀರಿ" ಎಂದರು. ಎಲ್ಲಿ ಒಗೆಯಬೇಕೆಂದು ಉಸ್ತಾದರಿಗೆ ಎರಡು ವರ್ಷಗಳಿಂದ ಗೊತ್ತಿತ್ತು. ಸಬ್ಬಲಿನ ತುದಿ ತೂರಿಸಿದರೆ ಸಾಕು, ಹಂಚಿನಿಂದ ರೊಟ್ಟಿ ಎದ್ದ ಹಾಗೆ ಒಂದೊಂದೇ ಎದ್ದವು. ಮೂವತ್ತೊಂಬತ್ತು ಎದ್ದವು. ಡೇರಿಯ ಎದುರಿನ ಒಂದರ ಮೇಲೆ ಒಬ್ಬ ಅಜ್ಜಿ ಚೀಲ ಹಿಡಿದು ನಿಂತಿದ್ದಳು.

"ಅಜ್ಜಿ, ಸರೀರಿ. ರೋಗ ಹೋತು."

"ಹೋಗ್ಲಿ. ಇದು ನನ್ನ ಕಲ್ಲು. ಎರಡು ವರ್ಷ ಇದರ ಮ್ಯಾಲ ನಿಂತೇನಿ, ಯಾರೂ ನೂಕಿಲ್ಲ. ಅದಕ್ಕೂ ಮೊದ್ಲು ಅರವತ್ತು ವರ್ಷ ಎಲ್ಲಾರೂ ನೂಕ್ಯಾರ."

ಉಸ್ತಾದರು ಸಬ್ಬಲು ಊರಿಕೊಂಡು ಅರ್ಧ ತಾಸು ನಿಂತರು. ಅಜ್ಜಿಯೂ ನಿಂತಳು. ಕೊನೆಗೆ ಅವರು ಬಗ್ಗಿ ಆ ಕಲ್ಲಿನ ಸುತ್ತ ಒಂದಿಷ್ಟು ಮಾಲು ಒತ್ತಿ, ಕರಣಿಯಿಂದ ನುಣ್ಣಗೆ ಮಾಡಿದರು. ಈ ಸಲ ಸಿಮೆಂಟು ಸರಿಯಾಗಿ ಹಾಕಿದ್ದರು.

ಮೂವತ್ತೊಂಬತ್ತು ದುಂಡು ಪಡಸಾಲೆಯ ತೂತಿನಲ್ಲಿ ಹೋಗಿ ಕೂತವು. ಬಾಗಿಲ ಬದಿಯ ಒಂದರಲ್ಲಿ ಮಾತ್ರ ಇಂದಿಗೂ ಗರಸು. ಅಜ್ಜಿಯ ಊರ ಕಡೆ ಕೆಲಸ ಮುಗಿಸಿ ಸವಣೂರಿಗೆ ಹೋದಾಗಲೆಲ್ಲ ಅಕ್ಕ ಚಹಾ ಕೊಡುತ್ತ ಕೇಳುತ್ತಾರೆ.

"ಅಣ್ಣಾರ, ಆ ಅಜ್ಜಿ ಹೆಂಗದಾಳ?"

"ಗಟ್ಟಿ ಅದಾಳಕ್ಕ. ಮೊನ್ನಿ ರೇಶನ್ ದಿನಾ ನಿಂತಿದ್ಲು."

"ಅಲ್ಲಾ ಆಕಿಗೆ ನೂರು ವರ್ಷ ಆಯುಷ್ಯ ಕೊಡ್ಲಿ," ಎನ್ನುತ್ತಾರೆ ಅಕ್ಕ. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಮೊಮ್ಮಗಳನ್ನು ಆ ತೂತಿನಿಂದ ಎಬ್ಬಿಸಿ, ಲಂಗಕ್ಕೆ ಹತ್ತಿದ ಗರಸು ಝಾಡಿಸುತ್ತಾರೆ.