ನಾನು ಕಲಿಸದಿದ್ದ ‘ಶಿಪ್ಪಿಂಗ್’

ಮೂರು ವರ್ಷದ ಹಿಂದೆ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪೂರ್ವಸಿದ್ಧತಾ ಪರೀಕ್ಷೆ ಹತ್ತಿರವಿದ್ದ ಸಮಯ. ನಾನು ಮಧುಗಿರಿಯಿಂದ ದಿನಾ ಬಸ್ಸಿನಲ್ಲಿ ಕೊರಟಗೆರೆ ಕಡೆಯ ಹೈಸ್ಕೂಲೊಂದಕ್ಕೆ ಹೋಗಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಮನೆಯಲ್ಲಿ ನಾನು, ನಮ್ಮತ್ತೆ, ಇಬ್ಬರೇ.

ಒಂದು ದಿನ ಹತ್ತನೇ ತರಗತಿಯಲ್ಲಿ ಬೆಂಚಿನಿಂದ ಬೆಂಚಿಗೆ ಹೋಗುತ್ತಿದ್ದ ಹಾಳೆಯೊಂದನ್ನು ಕಿತ್ತುಕೊಂಡೆ. ‘ಶೈಲಾ ಮಿಸ್ ಶಿಪ್ಪಿಂಗ್‌ಗೆ ನಮ್ಮೆಲ್ಲರ ಒಪ್ಪಿಗೆ ಇದೆ’ ಎಂದು ಬರೆದು, ಕೆಳಗೆ ಇಪ್ಪತ್ತಕ್ಕೂ ಹೆಚ್ಚು ಸಹಿ!

ಹಿಂದಿನ ವಾರವಷ್ಟೇ ಆ ಪದವನ್ನು ನಾನೇ ಬಿಡಿಸಿ ಹೇಳಿದ್ದೆ. "ಶಿಪ್ ಅಂದ್ರೆ ಹಡಗು. ಹಿಂದೆ ದೂರದೂರಿಗೆ ಸರಕು ಹಡಗಲ್ಲೇ ಹೋಗ್ತಿತ್ತು. ಅದಕ್ಕೇ ಈಗ ಲಾರೀಲಿ ಕಳಿಸಿದ್ರೂ ಶಿಪ್ಪಿಂಗ್ ಅಂತಾರೆ. ಒಟ್ಟಿನಲ್ಲಿ ಸಾಗಹಾಕೋದು."

ಅಂದರೆ ಮಕ್ಕಳು ನನ್ನನ್ನು ಸಾಗಹಾಕಲು ಸಹಿ ಹಾಕುತ್ತಿದ್ದಾರೆ. ನಾನು ಸ್ವಲ್ಪ ಬಿಗಿ ನಿಜ. ಆದರೆ ಇಷ್ಟು ಬೇಡವಾದೆನೇ? ಸಂಜೆ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ದೂರವಾದರೂ ಸರಿ ಎಂದು, ಶಿರಾ ಕಡೆಗೆ ವರ್ಗಾವಣೆ ಕೇಳಿ ಅರ್ಜಿ ಬರೆದಿಟ್ಟೆ.

ಮರುದಿನ ಅರ್ಜಿ ಕೊಡಲು ಹೋದಾಗ ಹೆಡ್‌ಮಾಸ್ಟರ್ ಇನ್ನೂ ಬಂದಿರಲಿಲ್ಲ. ಆ ಹಾಳೆಯಲ್ಲಿ ಮೊದಲ ಸಹಿ ಹಾಕಿದ್ದ ಚೈತ್ರಾಳನ್ನು ಸ್ಟಾಫ್ ರೂಮಿಗೆ ಕರೆದೆ.

"ನಾನೇನೇ ಮಾಡಿದ್ದೆ ನಿಮಗೆ? ನನ್ನ ಕಳಿಸೋಕೆ ಇಷ್ಟೊಂದು ಆತುರಾನಾ?"

ಅವಳು ಗಾಬರಿಯಾದಳು. "ಅಯ್ಯೋ, ಅದು ಹಡಗಿನ ಶಿಪ್ಪಲ್ಲ ಮಿಸ್! ರಿಲೇಶನ್‌ಶಿಪ್ ಅಂತಾರಲ್ಲ, ಅದರ ಕೊನೇದು. ಇಬ್ರು ಜೋಡಿಯಾದ್ರೆ ಚೆಂದ ಅನ್ಸಿದ್ರೆ ಅವ್ರನ್ನ ಶಿಪ್ ಮಾಡ್ತೀವಿ ಅಂತಾರೆ. ಮೊಬೈಲಲ್ಲಿ ಎಲ್ಲಾರೂ ಅಂಗೇ ಬರೀತಾರೆ."

"ಯಾರ ಜೊತೆ?"

"ಗಣಿತದ ಸರ್ ಜೊತೆ."

ಆ ಮೇಷ್ಟ್ರು ಹೆಂಡತಿಯನ್ನು ಕಳೆದುಕೊಂಡವರು, ಸಂಭಾವಿತರು. ಅವರೊಂದಿಗೆ ನಾನು ಪಾಠದ ಮಾತು ಬಿಟ್ಟು ಬೇರೆ ಆಡಿದವಳಲ್ಲ. ಮೈಯೆಲ್ಲಾ ಉರಿದುಹೋಯಿತು. "ಗಂಡ ಸತ್ತೋಳು ನಾನು. ಗೊತ್ತಾಗಲ್ವಾ ನಿಮಗೆ?" ಎಂದು ಕೂಗಿಬಿಟ್ಟೆ.

ಚೈತ್ರಾ ತಲೆ ತಗ್ಗಿಸಿದಳು. "ನಮ್ಮಮ್ಮನೂ ಅಂಗೇ ಮಿಸ್. ನಾನು ಆರನೇ ಕ್ಲಾಸಲ್ಲಿದ್ದಾಗ ಅಪ್ಪ ಹೋಗ್ಬುಟ್ರು. ಅಮ್ಮಂಗೂ ಒಂದು ಜೊತೆ ಬೇಕು ಅಂತ ಯಾರೂ ಒಂದು ಮಾತು ಆಡ್ಲಿಲ್ಲ. ಅದಕ್ಕೇ ನಾನೇ ಮೊದ್ಲು ಸಹಿ ಹಾಕ್ದೆ."

"ಹೋಗಮ್ಮ, ಓದ್ಕೋ ಹೋಗು" ಎಂದು ಕಳಿಸಿದೆ. ಅರ್ಜಿ ಕೊಡಲಿಲ್ಲ.

ಸಂಜೆ ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಮಕ್ಕಳ ಹುಡುಗಾಟವೆಂಬಂತೆ ನಗುತ್ತಲೇ ಎಲ್ಲ ಹೇಳಿದೆ. ಅತ್ತೆ ನಗಲಿಲ್ಲ. ಸುಲಿಯುವುದನ್ನು ನಿಲ್ಲಿಸಿ, "ಆ ಮೇಷ್ಟ್ರು ಯಾವೂರೋರು ಕಣಮ್ಮ?" ಎಂದರು.

"ಅತ್ತೆ! ಇದೇನು ಕೇಳ್ತಿದ್ದೀರಿ?"

"ಯಾವತ್ತೋ ಕೇಳ್ಬೇಕಾಗಿತ್ತು. ಮಗನ್ನ ಮರ್ತಂಗಾಯ್ತದೆ ಅಂತ ಸುಮ್ಕೆ ಇದ್ಬುಟ್ಟೆ" ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಮುಂದಿನ ವರ್ಷ ಆ ಮೇಷ್ಟ್ರು ಪಾವಗಡಕ್ಕೆ ವರ್ಗವಾಗಿ ಹೋದರು. ಈ ವಿಷಯ ಅವರಿಗೆ ಇಂದಿಗೂ ತಿಳಿಯದು. ನಾನು ಮದುವೆಯಾಗಲಿಲ್ಲ, ಆಗದ್ದಕ್ಕೆ ಬೇಸರವೂ ಇಲ್ಲ. ಆದರೆ ಇವಳಿಗೊಂದು ಜೊತೆ ಇರಲಿ ಎಂದು ಒಂದು ತರಗತಿಯ ಮಕ್ಕಳೂ ಮಗನನ್ನು ಕಳೆದುಕೊಂಡ ತಾಯಿಯೂ ಬಯಸುತ್ತಿದ್ದಾಗ, ನಾನು ಯಾರಿಗೂ ಬೇಡವಾದವಳೆಂದು ಅಂದುಕೊಂಡಿದ್ದೆನಲ್ಲ! ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.